ಮದರ್‌ಬೋರ್ಡ್ ಬದಲಿಸಿದ ಮೇಲೆ ಫ್ಯಾನ್ ತಿರುಗ್ತದೆ, ಡಿಸ್‌ಪ್ಲೇ ಇಲ್ಲ. ಎಲ್ಲಿಂದ ಹುಡುಕುವುದು?

ಕಟಪಾಡಿ ಡಿಟಿಪಿ
ಅಂಗಡಿಯ ಪಿಸಿ. ಹಳೆ ಎಚ್410 ಬೋರ್ಡ್ ಹೋಗಿ ಅದರ ಜಾಗಕ್ಕೆ ಬಿ560 ಬೋರ್ಡ್ ಬಂದಿದೆ, ಮೈಕ್ರೋ ಎಟಿಎಕ್ಸ್, ನಾಲ್ಕು ರ‍್ಯಾಮ್ ಸ್ಲಾಟ್. ಉಳಿದದ್ದೆಲ್ಲ ಹಳೆಯದೇ: ಐ5 10400ಎಫ್ ಪ್ರಾಸೆಸರ್, 8 ಜಿಬಿಯ ಎರಡು ಡಿಡಿಆರ್4 ಸ್ಟಿಕ್, ಜಿಟಿಎಕ್ಸ್ 1650 ಕಾರ್ಡ್, 512 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, 1 ಟಿಬಿ ಸೇಟಾ ಹಾರ್ಡ್ ಡಿಸ್ಕ್, 450 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ).

ಪವರ್ ಒತ್ತಿದರೆ ಎಲ್ಲ ಫ್ಯಾನೂ ತಿರುಗ್ತದೆ. ಮಾನಿಟರ್‌ನಲ್ಲಿ ನೋ ಸಿಗ್ನಲ್. ಕೀಬೋರ್ಡ್‌ನ ನಮ್ ಲಾಕ್ ದೀಪ ಹತ್ತುವುದಿಲ್ಲ. ಎನ್‌ವಿಎಂಇಯಲ್ಲಿ ವಿಂಡೋಸ್, ನುಡಿ, ಪೇಜ್‌ಮೇಕರ್, ಗಿರಾಕಿಗಳ ಫೈಲು ಎಲ್ಲ ಉಂಟು. ಫಾರ್ಮ್ಯಾಟ್ ಮಾಡದೆ ಇದನ್ನೇ ಎಬ್ಬಿಸಬೇಕು. ಯಾವ ಕ್ರಮದಲ್ಲಿ ನೋಡುವುದು ಹೇಳಿ.

ಕುಂದಾಪ್ರ ಕಡೆಯವ
ಹ್ವಾಯ್, ಮಾನಿಟರ್ ಕೇಬಲ್ ಎಲ್ಲಿ ಹಾಕಿದ್ರಿ? ಹೆಸರಿನ ಕೊನೆಗೆ ಎಫ್ ಇರುವ ಪ್ರಾಸೆಸರ್‌ಗೆ ಒಳಗೆ ಗ್ರಾಫಿಕ್ಸ್ ಇಲ್ಲೆ. ಬೋರ್ಡಿನ ಎಚ್‌ಡಿಎಂಐಗೆ ಹಾಕಿದರೆ ವರ್ಷ ಕಾದರೂ ಎಂತದೂ ಬರೂದಿಲ್ಲ. ಕಾರ್ಡಿಗೇ ಹಾಕ್ಕು.

ಸುರತ್ಕಲ್ ಬೆಂಚ್
ಫ್ಯಾನ್ ತಿರುಗಿದ್ದಕ್ಕೆ ಬೋರ್ಡ್ ಸರಿ ಉಂಟು ಅಂತ ಅರ್ಥ ಇಲ್ಲ. ಫ್ಯಾನಿಗೆ ಬೇಕಾದದ್ದು 12 ವೋಲ್ಟ್ ಮಾತ್ರ, ಅದು 24 ಪಿನ್ ಕನೆಕ್ಟರ್‌ನಿಂದ ನೇರ ಸಿಗ್ತದೆ. ಪ್ರಾಸೆಸರ್‌ಗೆ ಬೇರೆಯೇ ಕನೆಕ್ಟರ್: ಬೋರ್ಡಿನ ಎಡ ಮೇಲಿನ ಮೂಲೆಯಲ್ಲಿ 8 ಪಿನ್, ಎಸ್‌ಎಂಪಿಎಸ್‌ನಲ್ಲಿ 4+4 ಆಗಿ ಬರುವ ವಯರ್. ಅದು ಪೂರ್ತಿ ಕೂತಿದೆಯಾ ಮೊದಲು ನೋಡಿ.

ಗ್ರಾಫಿಕ್ಸ್ ಕಾರ್ಡಿನ 6+2 ಕನೆಕ್ಟರ್ ನೋಡ್ಲಿಕ್ಕೆ ಹೆಚ್ಚುಕಮ್ಮಿ ಹಾಗೇ ಇರ್ತದೆ. ಪ್ರಾಸೆಸರ್‌ನ 8 ಪಿನ್‌ನಲ್ಲಿ ನಾಲ್ಕು ಹಳದಿ, ನಾಲ್ಕು ಕಪ್ಪು. ಗ್ರಾಫಿಕ್ಸ್‌ನದ್ದರಲ್ಲಿ ಮೂರು ಹಳದಿ, ಐದು ಕಪ್ಪು. ಪಿನ್‌ಗಳ ಆಕಾರ ಬೇರೆ ಇರುವುದರಿಂದ ಸಲೀಸಾಗಿ ಒಳಗೆ ಹೋಗುವುದಿಲ್ಲ. ಒತ್ತಿ ತುರುಕಿದರೆ 12 ವೋಲ್ಟ್ ನೇರ ಗ್ರೌಂಡಿಗೆ ಹೋಗ್ತದೆ.

ಕಟಪಾಡಿ ಡಿಟಿಪಿ
4+4 ಎರಡೂ ಭಾಗ ಕೂತಿದೆ, ಲಾಕ್ ಬಿದ್ದಿದೆ. ಮಾನಿಟರ್ ಕೇಬಲ್ ಕಾರ್ಡಿನಲ್ಲೇ ಉಂಟು. ಬೋರ್ಡಿನ ಬಲ ಅಂಚಿನಲ್ಲಿ ಸಣ್ಣ ದೀಪಗಳು ಇವೆ. ಒಂದರ ಪಕ್ಕ ಡಿಆರ್‌ಎಎಂ ಅಂತ ಬರೆದಿದೆ, ಅದು ಹತ್ತಿಯೇ ಇರ್ತದೆ.

ಮಣಿಪಾಲ ಮಳೆ
ಅದು ಡೀಬಗ್ ದೀಪ. ಸಿಪಿಯು, ಡಿಆರ್‌ಎಎಂ, ವಿಜಿಎ, ಬೂಟ್ ಅಂತ ನಾಲ್ಕು ಇರ್ತದೆ, ಒಂದೊಂದೇ ಹತ್ತಿ ಆರಿ ಮುಂದೆ ಹೋಗಬೇಕು. ಯಾವುದರಲ್ಲಿ ನಿಂತಿತೋ ಅಲ್ಲಿ ತೊಂದರೆ. ನಿಮ್ಮದು ರ‍್ಯಾಮ್ ಹಂತದಲ್ಲಿ ನಿಂತಿದೆ. ಅಂದರೆ ಪ್ರಾಸೆಸರ್ ಎದ್ದಿದೆ, ಬೋರ್ಡಿನ ಒಳಗಿನ ಮೊದಲ ಪ್ರೋಗ್ರಾಮ್ ಬಯೋಸ್ ಓಡ್ತಾ ಉಂಟು. ಅರ್ಧ ಕೆಲಸ ಆಯ್ತು.

ಬಿಜೈ ಮಲ್ಟಿಮೀಟರ್
ರ‍್ಯಾಮ್ ದೀಪ ಹತ್ತಿದೆ ಅಂತ ಅಂಗಡಿಗೆ ಓಡಿ ಹೊಸ ರ‍್ಯಾಮ್ ತರಬೇಡಿ ಮಾರಾಯ್ರೆ. ಆ ದೀಪ ಹೇಳುವುದು ಪ್ರಾಸೆಸರ್‌ಗೆ ರ‍್ಯಾಮ್ ಜೊತೆ ಮಾತಾಡ್ಲಿಕ್ಕೆ ಆಗ್ತಿಲ್ಲ ಅಂತ ಮಾತ್ರ. ಕಾರಣ ಸ್ಟಿಕ್ ಇರಬಹುದು, ಸ್ಲಾಟ್ ಇರಬಹುದು, ಸಾಕೆಟ್‌ನ ಪಿನ್ ಇರಬಹುದು, ಕೂಲರ್‌ನ ಒತ್ತಡವೂ ಇರಬಹುದು. ಹೀಗೆ ಮಾಡಿ:

ಪ್ಲಗ್ ಕಿತ್ತು ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡ್ ಕ್ಯಾಬಿನೆಟ್‌ನಿಂದ ಹೊರಗೆ ತೆಗೆದು ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲೆ ಇಡಿ. ಹಾರ್ಡ್ ಡಿಸ್ಕ್, ಎನ್‌ವಿಎಂಇ, ಯುಎಸ್‌ಬಿ ಎಲ್ಲ ಬಿಚ್ಚಿ. 24 ಪಿನ್, 8 ಪಿನ್, ಪ್ರಾಸೆಸರ್ ಫ್ಯಾನ್, ಗ್ರಾಫಿಕ್ಸ್ ಕಾರ್ಡ್, ಒಂದೇ ರ‍್ಯಾಮ್ ಸ್ಟಿಕ್ ಇಷ್ಟೇ ಇರಲಿ. ಸ್ಟಿಕ್ ಎ2 ಸ್ಲಾಟಿಗೆ, ಅಂದರೆ ಪ್ರಾಸೆಸರ್ ಕಡೆಯಿಂದ ಎರಡನೆಯದಕ್ಕೆ. ಎರಡೂ ತುದಿಯನ್ನು ಸಮನಾಗಿ ಒತ್ತಿ, ಟಕ್ ಅಂತ ಕೇಳಬೇಕು. ಕೆಲವು ಬೋರ್ಡ್‌ನಲ್ಲಿ ಒಂದೇ ಕಡೆ ಲಾಕ್ ಇರ್ತದೆ, ಅದರಲ್ಲಿ ಲಾಕ್ ಇಲ್ಲದ ತುದಿ ಅರ್ಧ ಕೂತು ಮೋಸ ಮಾಡ್ತದೆ.

ಆಮೇಲೆ ಸೀಮಾಸ್ ಕ್ಲಿಯರ್, ಅಂದರೆ ಬಯೋಸ್‌ನ ಉಳಿಸಿದ ಸೆಟ್ಟಿಂಗ್ ಅಳಿಸುವುದು. ಪ್ಲಗ್ ಕಿತ್ತೇ ಇರಲಿ, ಸಿಆರ್2032 ಸೆಲ್ ತೆಗೆದು ಐದು ನಿಮಿಷ ಬಿಡಿ, ಅಥವಾ ಕ್ಲಿಯರ್ ಸೀಮಾಸ್ ಅಂತ ಬರೆದ ಎರಡು ಪಿನ್‌ಗೆ ಸ್ಕ್ರೂ ಡ್ರೈವರ್ ತಾಗಿಸಿ. ಹೊಸ ಸೆಲ್ 3 ವೋಲ್ಟ್ ಆಸುಪಾಸು ತೋರಿಸಬೇಕು.

ಇನ್ನು ಪವರ್ ಬಟನ್‌ನ ಎರಡು ಪಿನ್ ಒಂದು ಕ್ಷಣ ಕೂಡಿಸಿ ಆನ್ ಮಾಡಿ. ಮೊದಲ ಸಲ ರ‍್ಯಾಮ್ ಟ್ರೈನಿಂಗ್ ಆಗ್ತದೆ, ಅಂದರೆ ಬೋರ್ಡ್ ಸ್ಟಿಕ್‌ಗೆ ಹೊಂದುವ ಸೆಟ್ಟಿಂಗ್ ಹುಡುಕಿಕೊಳ್ತದೆ, ತನ್ನಷ್ಟಕ್ಕೆ ಎರಡು ಮೂರು ಸಲ ಆಫ್ ಆಗಿ ಆನ್ ಆಗಬಹುದು. ಗಡಿಬಿಡಿಯಲ್ಲಿ ಸ್ವಿಚ್ ಆಫ್ ಮಾಡಬೇಡಿ, ಎರಡು ನಿಮಿಷ ಬಿಡಿ.

ಮಲ್ಪೆ ಗಾಳಿ
ರಟ್ಟು ಯಾಕೆ? ಬೋರ್ಡ್ ಸುತ್ತಿ ಬಂದ ಬೆಳ್ಳಿ ಬಣ್ಣದ ಕವರ್ ಮೇಲೆ ಇಟ್ಟರೆ ಆಯ್ತಲ್ವಾ, ಅದು ಸ್ಟ್ಯಾಟಿಕ್ ತಡೆಯುವುದೇ.

ಬಿಜೈ ಮಲ್ಟಿಮೀಟರ್
ಬೇಡ. ಆ ಕವರಿನಲ್ಲಿ ಲೋಹದ ಪದರ ಉಂಟು. ಇಟ್ಟುಕೊಳ್ಳಲಿಕ್ಕೆ ಒಳ್ಳೆಯದು, ಅದರ ಮೇಲೆ ಕರೆಂಟ್ ಕೊಡ್ಲಿಕ್ಕೆ ಅಲ್ಲ. ಒಣ ರಟ್ಟು ಅಥವಾ ಮರದ ಮೇಜು ಸಾಕು.

ಕಾರ್ಕಳ ಕಲ್ಲು
ಹೊರಗೆ ಇಟ್ಟಾಗ ಎದ್ದು, ಕ್ಯಾಬಿನೆಟ್ ಒಳಗೆ ಏಳದಿದ್ದರೆ ಬೋರ್ಡಿನ ಅಡಿಯ ಹಿತ್ತಾಳೆ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಎತ್ತಿ ಹಿಡಿಯುವ ಗಿಡ್ಡ ಕಂಬ) ಎಣಿಸಿ. ಹಳೆ ಬೋರ್ಡಿನ ಸ್ಟ್ಯಾಂಡ್‌ಆಫ್ ಹೊಸ ಬೋರ್ಡಿನ ತೂತಿಗೆ ಸರಿಯಾಗದೆ ಒಂದು ಉಳಿದರೂ ಅಡಿಯಿಂದ ಶಾರ್ಟ್ ಆಗ್ತದೆ. ಹಿಂದಿನ ಐಓ ತಗಡಿನ ನಾಲಗೆ ಲ್ಯಾನ್ ಅಥವಾ ಯುಎಸ್‌ಬಿ ಪೋರ್ಟ್ ಒಳಗೆ ಹೋಗಿದೆಯಾ ಅಂತಲೂ ನೋಡಿ. ಕ್ಯಾಬಿನೆಟ್‌ನ ರೀಸೆಟ್ ಬಟನ್ ಸಿಕ್ಕಿಕೊಂಡರೂ ಇದೇ ಲಕ್ಷಣ, ಆ ವಯರ್ ಹಾಕದೆಯೇ ಪರೀಕ್ಷೆ ಮಾಡಿ.

ಕದ್ರಿ ಮಧ್ಯಾಹ್ನ
ರ‍್ಯಾಮ್‌ನ ಚಿನ್ನದ ಪಟ್ಟಿಗೆ ಬಿಳಿ ರಬ್ಬರ್ ಉಜ್ಜಿ ಹಾಕಿ, ಬರ್ತದೆ. ನಮ್ಮ ಕರಾವಳಿ ಹವೆಗೆ ಇದೇ ಮದ್ದು.

ಮಣಿಪಾಲ ಮಳೆ
ಅಕ್ಕ, ಮದ್ದು ಸರಿ, ಆದರೆ ರಬ್ಬರಿನ ಪುಡಿ ಸ್ಲಾಟ್ ಒಳಗೆ ಹೋದರೆ ಅದೇ ಹೊಸ ಕಾಯಿಲೆ. ಚಿನ್ನದ ಲೇಪ ಬಹಳ ತೆಳು. ಇಂಕ್ ಅಳಿಸುವ ಗಟ್ಟಿ ರಬ್ಬರ್ ಅದನ್ನು ಕೆರೆದು ಹಾಕ್ತದೆ, ಆಮೇಲೆ ಉಪ್ಪುಗಾಳಿಗೆ ಒಳಗಿನ ಲೋಹ ಇನ್ನೂ ಬೇಗ ಕಪ್ಪಾಗ್ತದೆ. 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಬಟ್ಟೆ, ಒಂದೇ ದಿಕ್ಕಿನಲ್ಲಿ ಒರೆಸುವುದು. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಗ್ಲಿಸರಿನ್ನೂ ಇರ್ತದೆ.

ಕದ್ರಿ ಮಧ್ಯಾಹ್ನ
ಮೆತ್ತನೆ ರಬ್ಬರ್ ಹಗುರ ಕೈಯಲ್ಲಿ ಉಜ್ಜಿದರೆ ಎಂತದೂ ಆಗುವುದಿಲ್ಲ. ಪುಡಿಯನ್ನು ಬ್ರಷ್‌ನಲ್ಲಿ ಕೊಡವಬೇಕು, ಅಷ್ಟೇ. ಐಸೋಪ್ರೊಪೈಲ್ ಸಿಗದ ಊರಿನವರು ಎಂತ ಮಾಡುವುದು?

ಮಣಿಪಾಲ ಮಳೆ
ಸಿಗದಿದ್ದರೆ ಹಾಗೆ ಮಾಡಲಿ. ಸಿಗುವಲ್ಲಿ ಇದೇ ಮೇಲು.

ಕಟಪಾಡಿ ಡಿಟಿಪಿ
ಬಂತು! ಸ್ಟಿಕ್ ಒರೆಸಿ ಎ2ನಲ್ಲಿ ಒಂದೇ ಹಾಕಿದ್ದಕ್ಕೆ ಬಯೋಸ್ ಪರದೆ ಬಂತು. ಇನ್ನೊಂದು ಸ್ಟಿಕ್ಕನ್ನೂ ಎ2ಗೆ ಹಾಕಿದರೆ ಅದೂ ಸರಿ. ಆದರೆ ಬಿ2ಗೆ ಎಂತ ಹಾಕಿದರೂ ಮತ್ತೆ ಡಿಆರ್‌ಎಎಂ ದೀಪ.

ಬಿಜೈ ಮಲ್ಟಿಮೀಟರ್
ಹಾಗಾದರೆ ಎರಡು ಸ್ಟಿಕ್ಕೂ ಒಳ್ಳೆಯದು. ಬಿ ಚಾನಲ್, ಅಂದರೆ ಬಿ1 ಬಿ2 ಸ್ಲಾಟ್‌ಗಳ ದಾರಿ, ಪೂರ್ತಿ ಕಾಣದೆಯೂ ಇರಬಹುದು. ಬಿ1ರಲ್ಲಿ ಹಾಕಿ ನೋಡಿ, ಅಲ್ಲೂ ಇಲ್ಲದಿದ್ದರೆ ಸ್ಲಾಟ್ ಅಲ್ಲ, ಸಾಕೆಟ್ ಅಥವಾ ಕೂಲರ್. ಎಲ್‌ಜಿಎ 1200 ಸಾಕೆಟ್‌ನಲ್ಲಿ ಪಿನ್ ಇರುವುದು ಬೋರ್ಡಿನ ಕಡೆ. ರ‍್ಯಾಮ್ ಗೆರೆಗಳು ನೇರ ಪ್ರಾಸೆಸರ್‌ಗೇ ಹೋಗುವುದರಿಂದ ಒಂದೇ ಪಿನ್ ಮಡಚಿದರೂ ಒಂದು ಚಾನಲ್ ಮಾಯ.

ಕೂಲರ್ ತೆಗೆದು ಪ್ರಾಸೆಸರ್ ಎತ್ತಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಬೆಳಕು ಒಂದೇ ಸಮ ಮಿನುಗಬೇಕು, ಯಾವ ಪಿನ್ ಬೇರೆ ದಿಕ್ಕಿಗೆ ಹೊಳೆಯುತ್ತದೋ ಅದು ಮಡಚಿದ್ದು. ಬೆರಳು, ಬಟ್ಟೆ, ಹತ್ತಿ ಎಂತದೂ ತಾಗಿಸಬೇಡಿ. ಪಿನ್ ಮಡಚಿದ್ದು ಕಂಡರೆ ನೀವೇ ನೇರ ಮಾಡ್ಲಿಕ್ಕೆ ಹೋಗುವ ಮೊದಲು ವಾರಂಟಿ ಕೇಳಿ, ಕೈ ಹಾಕಿದ ಮೇಲೆ ಯಾರೂ ತೆಗೆದುಕೊಳ್ಳುವುದಿಲ್ಲ.

ಸುರತ್ಕಲ್ ಬೆಂಚ್
ಪಿನ್ ಸರಿ ಇದ್ದರೆ ಕೂಲರ್ ನೋಡಿ. ಇಂಟೆಲ್ ಪೆಟ್ಟಿಗೆಯ ಕೂಲರ್‌ಗೆ ನಾಲ್ಕು ಒತ್ತುವ ಕಾಲು. ಮೂರು ಕೂತು ಒಂದು ಕೂರದಿದ್ದರೆ ಪ್ರಾಸೆಸರ್ ಓರೆಯಾಗಿ ಒತ್ತಲ್ಪಟ್ಟು ಒಂದು ಬದಿಯ ಪಿನ್‌ಗೆ ಸಂಪರ್ಕ ಸಾಕಾಗುವುದಿಲ್ಲ. ಕರ್ಣದ ಲೆಕ್ಕದಲ್ಲಿ ಒತ್ತಬೇಕು: ಮೇಲಿನ ಎಡ, ಕೆಳಗಿನ ಬಲ, ಆಮೇಲೆ ಉಳಿದೆರಡು. ಬೋರ್ಡಿನ ಹಿಂಬದಿಗೆ ನಾಲ್ಕೂ ಕಡೆ ಕಪ್ಪು ಮೊಳೆ, ಅದರ ಸುತ್ತ ಬಿಳಿ ಸೀಳು ಹೊರಗೆ ಬಂದಿರಬೇಕು. ಹಳೆ ಪೇಸ್ಟ್ ಒರೆಸಿ ಕಾಳುಮೆಣಸಿನಷ್ಟು ಹೊಸದು ಹಾಕಿ.

ಕಟಪಾಡಿ ಡಿಟಿಪಿ
ಬಿ1ರಲ್ಲೂ ಇರಲಿಲ್ಲ. ಪಿನ್ ಎಲ್ಲ ನೇರ ಇವೆ. ಕೂಲರ್‌ನ ಒಂದು ಕಾಲು ಹಿಂಬದಿಗೆ ಪೂರ್ತಿ ಬಂದಿರಲಿಲ್ಲ. ಈಗ ನಾಲ್ಕೂ ಕೂತಿದೆ, ಎ2 ಬಿ2 ಎರಡರಲ್ಲೂ ಹಾಕಿದ್ದೇವೆ, ಬಯೋಸ್ 16 ಜಿಬಿ ತೋರಿಸ್ತದೆ.

ಇನ್ನೊಂದು ಕಂಟಕ. ಎನ್‌ವಿಎಂಇ ಮೇಲಿನ ಸ್ಲಾಟಿಗೆ ಹಾಕಿದೆ, ಬಯೋಸ್‌ನಲ್ಲಿ ಹೆಸರೇ ಇಲ್ಲ. ಡಿಸ್ಕ್ ಹೋಯ್ತಾ?

ಪಡುಬಿದ್ರಿ ಗೇಟ್
ಹಳೆ ಬೋರ್ಡ್ ಹೋಗುವಾಗ ಡಿಸ್ಕನ್ನೂ ತೆಗೆದುಕೊಂಡು ಹೋಗಿರಬೇಕು. ಡೇಟಾ ರಿಕವರಿಯವರನ್ನು ಹುಡುಕಿ.

ಸುರತ್ಕಲ್ ಬೆಂಚ್
ನಿಲ್ಲಿ, ಹೆದರಿಸಬೇಡಿ. ಡಿಸ್ಕ್ ಸರಿಯೇ ಇರಬಹುದು. ಬಿ560ರಲ್ಲಿ ಪ್ರಾಸೆಸರ್ ಹತ್ತಿರದ ಎಂ.2 ಸ್ಲಾಟ್ ಚಿಪ್‌ಸೆಟ್‌ಗೆ ಅಲ್ಲ, ನೇರ ಪ್ರಾಸೆಸರ್‌ಗೆ ಸೇರಿದ್ದು. 11ನೇ ತಲೆಮಾರಿನ ಪ್ರಾಸೆಸರ್‌ನಲ್ಲಿ 20 ಪಿಸಿಐ ಎಕ್ಸ್‌ಪ್ರೆಸ್ ಲೇನ್ (ಡೇಟಾ ಓಡುವ ದಾರಿ) ಉಂಟು: 16 ಕಾರ್ಡಿಗೆ, 4 ಈ ಸ್ಲಾಟಿಗೆ. 10ನೇ ತಲೆಮಾರಿನಲ್ಲಿ 16 ಮಾತ್ರ, ಅದೆಲ್ಲ ಗ್ರಾಫಿಕ್ಸ್ ಕಾರ್ಡಿಗೇ ಖರ್ಚು. ನಿಮ್ಮ 10400ಎಫ್ ಹಾಕಿದರೆ ಆ ಸ್ಲಾಟ್ ಸತ್ತ ಹಾಗೆ. ಕೆಳಗಿನ ಸ್ಲಾಟ್ ಚಿಪ್‌ಸೆಟ್‌ನದ್ದು, ಅಲ್ಲಿ ಹಾಕಿ.

ಪಡುಬಿದ್ರಿ ಗೇಟ್
ಸಾಕೆಟ್ ಒಂದೇ, ಪ್ರಾಸೆಸರ್ ಕೂರ್ತದೆ, ಸ್ಲಾಟ್ ಮಾತ್ರ ಕೆಲಸ ಮಾಡುವುದಿಲ್ಲ ಅಂದರೆ ನಂಬುವುದು ಹೇಗೆ?

ಸುರತ್ಕಲ್ ಬೆಂಚ್
ಬೋರ್ಡಿನ ಮ್ಯಾನುವಲ್‌ನಲ್ಲಿ ಎಂ.2 ಪಟ್ಟಿ ನೋಡಿ, 11ನೇ ತಲೆಮಾರಿಗೆ ಮಾತ್ರ ಅಂತ ಅಚ್ಚಾಗಿರ್ತದೆ. ಎಚ್510 ಬೋರ್ಡ್‌ಗಳಲ್ಲಿ ಇನ್ನೂ ಕಷ್ಟ, ಕೆಲವದರಲ್ಲಿ ಇರುವ ಒಂದೇ ಎಂ.2 ಇಂಥದ್ದು. ಕೊಳ್ಳುವ ಮೊದಲು ಓದಬೇಕಾದ ಪುಟ ಅದೇ.

ಕುಂದಾಪ್ರ ಕಡೆಯವ
ಕೆಳಗಿನ ಸ್ಲಾಟಿಗೆ ಹಾಕುವಾಗ ಮ್ಯಾನುವಲ್‌ನ ಇನ್ನೊಂದು ಸಾಲೂ ಓದಿ. ಕೆಲವು ಬೋರ್ಡಲ್ಲಿ ಎಂ.2 ತುಂಬಿದರೆ ಒಂದು ಸೇಟಾ ಪೋರ್ಟ್ ಬಂದ್ ಆಗ್ತದೆ. ಹಾರ್ಡ್ ಡಿಸ್ಕ್ ಅದೇ ಪೋರ್ಟಿನಲ್ಲಿದ್ದರೆ ಅದೂ ಮಾಯ.

ಕಟಪಾಡಿ ಡಿಟಿಪಿ
ಕೆಳಗಿನ ಸ್ಲಾಟಿನಲ್ಲಿ ಡಿಸ್ಕ್ ಬಂತು. ದೊಡ್ಡ ಉಪಕಾರ. ಆದರೆ ಬೂಟ್ ಪಟ್ಟಿ ಖಾಲಿ. ಸರಿಯಾದ ಬೂಟ್ ಡಿವೈಸ್ ಆರಿಸಿ ಅಂತ ಹೇಳಿ ನಿಲ್ತದೆ. ಹಾರ್ಡ್ ಡಿಸ್ಕ್ ಇನ್ನೂ ಹಾಕಿಲ್ಲ.

ಮಣಿಪಾಲ ಮಳೆ
ಹಾರ್ಡ್ ಡಿಸ್ಕ್ ಹಾಕಿ ನೋಡಿ. ವಿಂಡೋಸ್ ಇನ್‌ಸ್ಟಾಲ್ ಮಾಡುವಾಗ ಎರಡೂ ಡಿಸ್ಕ್ ಹಾಕಿಯೇ ಇದ್ದರೆ, ವಿಂಡೋಸ್ ಎನ್‌ವಿಎಂಇಗೆ ಹೋದರೂ ಬೂಟ್ ಫೈಲುಗಳಿರುವ ಇಎಫ್‌ಐ ಪಾರ್ಟಿಶನ್ ಹಾರ್ಡ್ ಡಿಸ್ಕ್‌ನಲ್ಲಿ ಕೂತಿರಬಹುದು. ಇದು ತುಂಬ ಕಡೆ ಆಗುವುದೇ. ಹಾಕಿದ ಮೇಲೆ ಪಟ್ಟಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಕಂಡರೆ ಅದನ್ನು ಆರಿಸಿ.

ಕಾರ್ಕಳ ಕಲ್ಲು
ನೀಲಿ ಪರದೆಯಲ್ಲಿ ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್ ಅಂತ ಬಂದರೆ ಬಯೋಸ್‌ನಲ್ಲಿ ಸೇಟಾ ಮೋಡ್ ನೋಡಿ. ಹಳೆ ಬೋರ್ಡಿನಲ್ಲಿ ಎಎಚ್‌ಸಿಐ ಇದ್ದು ಹೊಸದರಲ್ಲಿ ಆರ್‌ಎಸ್‌ಟಿ ಇದ್ದರೆ, ಅಥವಾ ತಿರುಗುಮುರುಗು ಇದ್ದರೆ, ವಿಂಡೋಸ್‌ಗೆ ಬೂಟ್ ಹೊತ್ತಿಗೆ ಬೇಕಾದ ಡ್ರೈವರ್ ಸಿಗುವುದಿಲ್ಲ. ಹಳೆಯದರಲ್ಲಿ ಹೇಗಿತ್ತೋ ಹಾಗೆ ಇಡಿ.

ಕದ್ರಿ ಮಧ್ಯಾಹ್ನ
ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ, ಇತ್ತಾ? ಅದರ ಕೀ ಕಾಯುವ ಟಿಪಿಎಂ ಹೊಸದಾದ ಕಾರಣ 48 ಅಂಕಿಯ ರಿಕವರಿ ಕೀ ಕೇಳ್ತದೆ. ಮೈಕ್ರೋಸಾಫ್ಟ್ ಖಾತೆಗೆ ಸೇರಿಸಿದ್ದರೆ ಬೇರೆ ಪಿಸಿಯಲ್ಲಿ ಲಾಗಿನ್ ಮಾಡಿ ನೋಡಬಹುದು. ಕೀ ಇಲ್ಲದಿದ್ದರೆ ಆ ಡೇಟಾ ತೆರೆಯುವ ದಾರಿ ಇಲ್ಲ. ಬೋರ್ಡ್ ಬದಲಿಸುವ ಯೋಚನೆ ಇರುವವರು ಮೊದಲೇ ಬಿಟ್‌ಲಾಕರ್ ನಿಲ್ಲಿಸಿ ಇಡಬೇಕು.

ಕಟಪಾಡಿ ಡಿಟಿಪಿ
ಹಾರ್ಡ್ ಡಿಸ್ಕ್ ಹಾಕಿದ ಕೂಡಲೇ ವಿಂಡೋಸ್ ಬೂಟ್ ಮ್ಯಾನೇಜರ್ ಬಂತು. ವಿಂಡೋಸ್ ಡಿವೈಸ್‌ಗಳನ್ನು ಸಿದ್ಧ ಮಾಡ್ತಾ ಇದ್ದು ಡೆಸ್ಕ್‌ಟಾಪ್‌ಗೆ ಬಂದಿದೆ. ಫೈಲೆಲ್ಲ ಉಂಟು! ಲ್ಯಾನ್ ಇಲ್ಲ, ಆ್ಯಕ್ಟಿವೇಶನ್ ಹೋಗಿದೆ.

ಪಡುಬಿದ್ರಿ ಗೇಟ್
ಡಿಸ್ಕ್ ಉಳಿಯಿತಲ್ಲ, ಸಂತೋಷ. ಲ್ಯಾನ್ ಡ್ರೈವರ್‌ಗೆ ಮೊಬೈಲ್‌ನಿಂದ ಯುಎಸ್‌ಬಿ ಟೆದರಿಂಗ್ ಕೊಡಿ, ಬೇರೆ ಡ್ರೈವರ್ ಇಲ್ಲದೆ ಇಂಟರ್ನೆಟ್ ಬರ್ತದೆ. ಆಮೇಲೆ ಬೋರ್ಡ್ ಕಂಪನಿಯ ಪುಟದಿಂದ ಲ್ಯಾನ್ ಮತ್ತು ಚಿಪ್‌ಸೆಟ್ ಡ್ರೈವರ್ ಇಳಿಸಿ.

ಕುಂದಾಪ್ರ ಕಡೆಯವ
ಆ್ಯಕ್ಟಿವೇಶನ್: ಸೆಟ್ಟಿಂಗ್ಸ್‌ನ ಆ್ಯಕ್ಟಿವೇಶನ್ ಪುಟದಲ್ಲಿ ಟ್ರಬಲ್‌ಶೂಟ್ ಒತ್ತಿ, ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ ಎಂಬುದನ್ನು ಆರಿಸಿ. ರೀಟೇಲ್ ಲೈಸೆನ್ಸ್ ಆದರೆ ಹೊಸ ಬೋರ್ಡಿಗೆ ಬರ್ತದೆ. ಪಿಸಿಯ ಜೊತೆ ಬಂದ ಓಇಎಂ ಆದರೆ ಅದು ಹಳೆ ಬೋರ್ಡಿಗೆ ಕಟ್ಟಿದ್ದು.

ಕಾರ್ಕಳ ಕಲ್ಲು
ಇಷ್ಟೆಲ್ಲ ಯಾಕೆ, ಫೈಲ್ ಕಾಪಿ ಮಾಡಿ ವಿಂಡೋಸ್ 11 ಹೊಸದಾಗಿ ಹಾಕಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 10400ಎಫ್ ವಿಂಡೋಸ್ 11ರ ಪಟ್ಟಿಯಲ್ಲಿ ಉಂಟು, ಬಯೋಸ್‌ನಲ್ಲಿ ಪಿಟಿಟಿ ಆನ್ ಮಾಡಿದರೆ ಟಿಪಿಎಂ 2.0 ಸಿಗ್ತದೆ.

ಕದ್ರಿ ಮಧ್ಯಾಹ್ನ
ಡಿಟಿಪಿ ಅಂಗಡಿಯವರಿಗೆ ಅದು ಅಷ್ಟು ಸುಲಭ ಅಲ್ಲ. ಹಳೆ ಪೇಜ್‌ಮೇಕರ್, ಹತ್ತಾರು ಆಸ್ಕಿ ಫಾಂಟು, ಪ್ರಿಂಟರ್ ಸೆಟ್ಟಿಂಗ್ ಎಲ್ಲ ಮತ್ತೆ ಕೂಡಿಸಬೇಕು. ಒಂದು ಫಾಂಟ್ ತಪ್ಪಿದರೆ ಹಳೆ ಆಮಂತ್ರಣ ಪತ್ರಿಕೆ ತೆರೆದಾಗ ಅಕ್ಷರವೆಲ್ಲ ಕಲಸಿ ಹೋಗ್ತದೆ. ಓಡುವ ವಿಂಡೋಸನ್ನು ಮೊದಲು ಇಮೇಜ್ ಬ್ಯಾಕಪ್ ಮಾಡಿ, ಆಮೇಲೆ ಬಿಡುವು ಇದ್ದಾಗ ಯೋಚಿಸಲಿ.

ಬಿಜೈ ಮಲ್ಟಿಮೀಟರ್
ಇಷ್ಟು ಜನ ಮಾತಾಡಿದರು, ಹಳೆ ಬೋರ್ಡ್ ಯಾಕೆ ಹೋಯ್ತು ಅಂತ ಯಾರೂ ಕೇಳಲಿಲ್ಲ. ಅದನ್ನು ಕೊಂದದ್ದು ಎಸ್‌ಎಂಪಿಎಸ್ ಅಥವಾ ಅರ್ಥಿಂಗ್ ಆಗಿದ್ದರೆ ಹೊಸದಕ್ಕೂ ಅದೇ ಗತಿ.

ಪಿಸಿ ಓಡುವಾಗಲೇ ಅಳೆಯಿರಿ, ಲೋಡ್ ಇಲ್ಲದ ಅಳತೆಯಿಂದ ಹೆಚ್ಚು ಗೊತ್ತಾಗುವುದಿಲ್ಲ. ಮೀಟರಿನ ಕಪ್ಪು ಕಡ್ಡಿ ಕಪ್ಪು ವಯರಿಗೆ. ಹಳದಿ 11.4ರಿಂದ 12.6, ಕೆಂಪು 4.75ರಿಂದ 5.25, ಕಿತ್ತಳೆ 3.14ರಿಂದ 3.47 ಒಳಗೆ ಇರಬೇಕು. 24 ಪಿನ್‌ನ 8ನೇ ಪಿನ್, ಬೂದು ವಯರ್, ಪವರ್ ಗುಡ್. ಅದು 5 ವೋಲ್ಟ್ ಹತ್ತಿರ ಬರದಿದ್ದರೆ ಬೋರ್ಡ್ ರೀಸೆಟ್‌ನಲ್ಲೇ ನಿಲ್ತದೆ, ಫ್ಯಾನ್ ಮಾತ್ರ ತಿರುಗ್ತದೆ.

ಸುರತ್ಕಲ್ ಬೆಂಚ್
ಒಂದು ತಿದ್ದುಪಡಿ: ಈಗಿನ ಸುಮಾರು ಎಸ್‌ಎಂಪಿಎಸ್‌ನಲ್ಲಿ ವಯರೆಲ್ಲ ಕಪ್ಪೇ. ಬಣ್ಣ ನಂಬಬೇಡಿ, ಪಿನ್ ನಕ್ಷೆ ಎದುರಿಗೆ ಇಟ್ಟುಕೊಂಡು ಅಳೆಯಿರಿ.

ಮಲ್ಪೆ ಗಾಳಿ
ಅರ್ಥಿಂಗ್ ಸರಿ ಉಂಟಾ ಅಂತ ಗೊತ್ತಾಗುವುದು ಹೇಗೆ? ನಮ್ಮ ಕಡೆ ಕ್ಯಾಬಿನೆಟ್ ಮುಟ್ಟಿದರೆ ಸಣ್ಣಗೆ ಜುಮ್ ಅನ್ನುವುದು ಮಾಮೂಲಿ.

ಬಿಜೈ ಮಲ್ಟಿಮೀಟರ್
ಮಾಮೂಲಿ ಅಂತ ಬಿಡಬೇಡಿ, ಅದೇ ಅರ್ಥಿಂಗ್ ಇಲ್ಲದ ಲಕ್ಷಣ. ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದ ಬಾಡಿಗೆ, ನ್ಯೂಟ್ರಲ್‌ನಿಂದ ಬಾಡಿಗೆ ಒಂದೊಂದು ಸಣ್ಣ ಕೆಪ್ಯಾಸಿಟರ್ ಇರ್ತದೆ. ಅರ್ಥ್ ವಯರ್ ಇದ್ದರೆ ಆ ಸಣ್ಣ ಕರೆಂಟ್ ನೆಲಕ್ಕೆ ಇಳೀತದೆ. ಇಲ್ಲದಿದ್ದರೆ ಕ್ಯಾಬಿನೆಟ್ 230ರ ಅರ್ಧ, ಸುಮಾರು 115 ವೋಲ್ಟ್‌ಗೆ ತೇಲ್ತದೆ. ಆ ಸ್ಥಿತಿಯಲ್ಲಿ ಪ್ರಿಂಟರ್ ಅಥವಾ ಟಿವಿಯ ಕೇಬಲ್ ಚುಚ್ಚಿದರೆ ಪೋರ್ಟ್ ಸುಡಬಹುದು.

ಮೀಟರ್ ಎಸಿಯಲ್ಲಿ ಇಟ್ಟು ಫೇಸ್–ನ್ಯೂಟ್ರಲ್, ಫೇಸ್–ಅರ್ಥ್ ಅಳೆಯಿರಿ, ಎರಡೂ ಹೆಚ್ಚುಕಮ್ಮಿ ಒಂದೇ ಇರಬೇಕು. ನ್ಯೂಟ್ರಲ್–ಅರ್ಥ್ ಒಂದೆರಡು ವೋಲ್ಟ್ ಇದ್ದರೆ ನೆಮ್ಮದಿ. ಹತ್ತಿಪ್ಪತ್ತು ತೋರಿಸಿದರೆ ಎಲೆಕ್ಟ್ರಿಷಿಯನ್ ಕರೆಯಿರಿ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥ್‌ನ ರೋಧ ಏರ್ತದೆ, ಗುಂಡಿಗೆ ನೀರು ಹಾಕದೆ ವರ್ಷಗಟ್ಟಲೆ ಬಿಟ್ಟವರಿಗೆ ಏಪ್ರಿಲ್–ಮೇ ಗುಡುಗಿನ ಹೊತ್ತಿಗೇ ಅರ್ಥಿಂಗ್ ಕೈ ಕೊಡ್ತದೆ. ಸಿಡಿಲು ಬರುವಾಗ ಪವರ್ ಪ್ಲಗ್ ಮಾತ್ರ ಅಲ್ಲ, ಲ್ಯಾನ್ ಕೇಬಲ್ ಕೂಡ ಕೀಳಿ.

ಕಟಪಾಡಿ ಡಿಟಿಪಿ
ವೋಲ್ಟೇಜ್ ಎಲ್ಲ ಮಿತಿಯ ಒಳಗೆ ಉಂಟು. ನ್ಯೂಟ್ರಲ್–ಅರ್ಥ್ 38 ತೋರಿಸ್ತದೆ. ಎಲೆಕ್ಟ್ರಿಷಿಯನ್‌ಗೆ ಹೇಳಿದ್ದೇವೆ, ಅಲ್ಲಿವರೆಗೆ ಪಿಸಿ ಪ್ಲಗ್ ಕಿತ್ತಿಟ್ಟಿದ್ದೇವೆ. ಇನ್ನು ಬೂಟ್ ಪಾರ್ಟಿಶನ್ನನ್ನು ಹಾರ್ಡ್ ಡಿಸ್ಕ್‌ನಿಂದ ಎನ್‌ವಿಎಂಇಗೆ ತರುವುದು ಹೇಗೆ? ಹಾರ್ಡ್ ಡಿಸ್ಕ್ ಹಳೆಯದು, ಅದು ಹೋದರೆ ಮತ್ತೆ ಬೂಟ್ ಇಲ್ಲ.

ಮಣಿಪಾಲ ಮಳೆ
ಮೊದಲು ಬ್ಯಾಕಪ್. ಆಮೇಲೆ ವಿಂಡೋಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಶಿಫ್ಟ್ ಎಫ್10 ಒತ್ತಿದರೆ ಕಮಾಂಡ್ ಪರದೆ. ಡಿಸ್ಕ್‌ಪಾರ್ಟ್ ತೆರೆದು ಲಿಸ್ಟ್ ಡಿಸ್ಕ್ ಕೊಡಿ. ಎನ್‌ವಿಎಂಇ ಸಾಲಿನಲ್ಲಿ ಜಿಪಿಟಿ ಕಾಲಂನ ಕೆಳಗೆ ನಕ್ಷತ್ರ ಇರಬೇಕು, ಇಲ್ಲದಿದ್ದರೆ ಮುಂದೆ ಹೋಗಬೇಡಿ, ಇಲ್ಲಿ ಬರೆಯಿರಿ.

ಇದ್ದರೆ ಆ ಡಿಸ್ಕ್ ಆರಿಸಿ, ವಿಂಡೋಸ್ ಇರುವ ಪಾರ್ಟಿಶನ್ ಆರಿಸಿ, ಶ್ರಿಂಕ್ ಡಿಸೈರ್ಡ್=300. ಆಮೇಲೆ ಕ್ರಿಯೇಟ್ ಪಾರ್ಟಿಶನ್ ಇಎಫ್‌ಐ ಸೈಜ್=260, ಫಾರ್ಮ್ಯಾಟ್ ಕ್ವಿಕ್ ಎಫ್‌ಎಸ್=ಫ್ಯಾಟ್32, ಅಸೈನ್ ಲೆಟರ್=ಝಡ್. ಡಿಸ್ಕ್‌ಪಾರ್ಟ್‌ನಿಂದ ಹೊರಗೆ ಬಂದು ಬಿಸಿಡಿಬೂಟ್ ಸಿ:\ವಿಂಡೋಸ್ /ಎಸ್ ಝಡ್: /ಎಫ್ ಯುಇಎಫ್‌ಐ. ಎಲ್ಲ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

ಎಡವುವ ಜಾಗ ಒಂದುಂಟು. ಪೆನ್‌ಡ್ರೈವ್‌ನಿಂದ ಬೂಟ್ ಆದಾಗ ನಿಮ್ಮ ಸಿ ಡ್ರೈವ್‌ಗೆ ಡಿ ಅಥವಾ ಇ ಅಂತ ಹೆಸರು ಬಿದ್ದಿರಬಹುದು. ಡಿಐಆರ್ ಕೊಟ್ಟು ಯೂಸರ್ಸ್, ವಿಂಡೋಸ್ ಫೋಲ್ಡರ್ ಯಾವುದರಲ್ಲಿ ಉಂಟು ನೋಡಿ ಆ ಅಕ್ಷರ ಹಾಕಿ. ಫಾರ್ಮ್ಯಾಟ್ ಕೊಡುವ ಮೊದಲು ಲಿಸ್ಟ್ ಪಾರ್ಟಿಶನ್ ಕೊಟ್ಟು ನಕ್ಷತ್ರ 260 ಎಂಬಿಯದ್ದರ ಮುಂದೆಯೇ ಉಂಟಾ ಅಂತ ಖಚಿತ ಮಾಡಿಕೊಳ್ಳಿ.

ಕುಂದಾಪ್ರ ಕಡೆಯವ
ಮುಗಿದ ಮೇಲೆ ಹಾರ್ಡ್ ಡಿಸ್ಕ್‌ನ ಸೇಟಾ ಕೇಬಲ್ ಕಿತ್ತು ಬೂಟ್ ಮಾಡಿ. ಹಾಗೆ ಎದ್ದರೆ ಮಾತ್ರ ಕೆಲಸ ಆದ ಹಾಗೆ. ಮತ್ತೆ ಕೇಬಲ್ ಹಾಕಿ, ಬಯೋಸ್‌ನಲ್ಲಿ ಎನ್‌ವಿಎಂಇಯ ಬೂಟ್ ಮ್ಯಾನೇಜರ್ ಮೇಲಕ್ಕೆ ತನ್ನಿ.

ಮಲ್ಪೆ ಗಾಳಿ
ಹಳೆ ಎಚ್410 ಬೋರ್ಡ್ ಎಸೆಯುವುದಾ?

ಸುರತ್ಕಲ್ ಬೆಂಚ್
ಎಸೆಯಬೇಡಿ. ಬಿಜೈ ಮಲ್ಟಿಮೀಟರ್ ಮೇಲೆ ಹೇಳಿದ ಪರೀಕ್ಷೆಯನ್ನೇ ಅದಕ್ಕೂ ಮಾಡಿ. ಕೂಲರ್ ಕಾಲು ಅದರಲ್ಲೂ ಸಡಿಲ ಇದ್ದಿರಬಹುದು, ಬೋರ್ಡ್ ಸತ್ತೇ ಇಲ್ಲದಿರಬಹುದು. ನಿಜಕ್ಕೂ ಸತ್ತಿದ್ದರೆ ಸೆಲ್ ತೆಗೆದು, ಸಾಕೆಟ್‌ಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ ಚಿಪ್ ಲೆವೆಲ್ ರಿಪೇರಿಯವರಿಗೆ ತೋರಿಸಿ. ಅವರೂ ಆಗುವುದಿಲ್ಲ ಅಂದರೆ ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿ ಕೊಡಿ, ಮನೆ ಕಸದ ಜೊತೆ ಹಾಕಬೇಡಿ.